ಸಂಬಳಕ್ಕೆ ತಾನೆ ಹೋಗಿರೋದು?

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಬೈಯೋರು ಪೂರ್ತಿ ಓದಿ ಆಮೇಲೆ ಬೈಯಿರಿ.

ಮೊನ್ನೆ ನಾನೊಂದು ನಾಲ್ಕು ಸಾಲಿನ ಪೋಸ್ಟ್ ಹಾಕಿದ್ದೆ. ನಮ್ಮ ಕೇರಿಗಳಿಂದ ಸೈನ್ಯಕ್ಕೆ ಹೋಗಿರೋ ಹುಡುಗರ ಮನೆಗಳ ಒಂದು ಪಟ್ಟಿ ಮಾಡೋಣ, ಗಡಿಯಲ್ಲಿ ಗಲಾಟೆ ಆದಾಗ ಆ ಮನೆಗಳ ಜೊತೆ ನಿಲ್ಲೋಣ ಅಂತ. ಅದರ ಕೆಳಗೆ ನಮ್ಮದೇ ಸಂಘಟನೆಯ ಗೆಳೆಯನೊಬ್ಬ ಬರೆದ: "ಸಂಬಳಕ್ಕೆ ತಾನೆ ಹೋಗಿರೋದು? ಯುದ್ಧ ಮಾಡೋರ ಮನೆ ಕಾಯೋದು ಅಂಬೇಡ್ಕರ್‌ವಾದಿಗಳ ಕೆಲಸಾನಾ?" ಅದಕ್ಕೆ ನಮ್ಮವರೇ ಲೈಕ್ ಒತ್ತಿದ್ದರು. ಇನ್ನೊಬ್ಬರು ಒಂದು ಹೆಜ್ಜೆ ಮುಂದೆ ಹೋಗಿ, ನೀವೂ ಟಿವಿಯವರ ಥರ ಆಗ್ಬಿಟ್ರಲ್ಲ ಸಾರ್ ಅಂದರು.

ಎರಡು ದಿನ ಸುಮ್ಮನಿದ್ದೆ. ಆಗಲಿಲ್ಲ. ಈಗ ಬರೀತಾ ಇದೀನಿ.

ಹೌದು ಗೆಳೆಯ, ಸಂಬಳಕ್ಕೇ ಹೋಗಿರೋದು. ಅದರಲ್ಲಿ ನಾಚಿಕೆ ಪಡೋದು ಏನಿದೆ? ನೀನೂ ಸಂಬಳಕ್ಕೇ ಕೆಲಸಕ್ಕೆ ಹೋಗ್ತೀಯ, ನಾನೂ ಸಂಬಳಕ್ಕೇ ದಿನಾ ಬೆಳಗ್ಗೆ ಬಸ್ಸು ಹಿಡಿದು ಕಚೇರಿಗೆ ಹೋಗಿ ಕಡತ ಕಟ್ಟಿಡ್ತೀನಿ. ನಮ್ಮ ಸಂಬಳ ಬರೋ ಜಾಗದಲ್ಲಿ ಶೆಲ್ ಬೀಳಲ್ಲ, ಅಷ್ಟೇ ವ್ಯತ್ಯಾಸ. ಮಲ ಹೊರೋನೂ ಸಂಬಳಕ್ಕೇ ಗುಂಡಿಗೆ ಇಳೀತಾನೆ. ಅವನು ಉಸಿರುಗಟ್ಟಿ ಸತ್ತರೆ ನಾವು ಡಿಸಿ ಆಫೀಸ್ ಮುಂದೆ ಕೂರ್ತೀವಿ. ಸಂಬಳಕ್ಕೆ ತಾನೆ ಇಳಿದಿದ್ದು ಅಂತ ಅಲ್ಲಿ ಯಾವತ್ತಾದರೂ ಹೇಳಿದೀವಾ?

ನನ್ನ ಮನೆ ಕಥೆ ಹೇಳ್ತೀನಿ. ಇದುವರೆಗೆ ಇಲ್ಲಿ ಬರೆದಿರಲಿಲ್ಲ. ಅಕ್ಕ ಬೇಡ ಅಂದಿದ್ದಳು. ಈಗ ಬರಿ ಅಂದಿದಾಳೆ.

ಅಕ್ಕ ತುಮಕೂರು ಜಿಲ್ಲೆಯ ಒಂದು ಎ.ಕೆ. ಕಾಲೋನಿಯಲ್ಲಿದ್ದಾಳೆ. ಭಾವ ತೀರಿಹೋಗಿ ಹನ್ನೊಂದು ವರ್ಷ. ಒಬ್ಬನೇ ಮಗ. ಹತ್ತನೇ ಕ್ಲಾಸ್ ಮುಗಿದ ಮೇಲೆ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಹೈವೇ ಬದಿಯಲ್ಲಿ ಓಡೋನು. ಸೈನ್ಯದ ರ್‍ಯಾಲಿಯಲ್ಲಿ 1.6 ಕಿಲೋಮೀಟರ್ ಓಡಬೇಕು, ಐದೂವರೆ ನಿಮಿಷದೊಳಗೆ ಓಡಿದರೆ ಪೂರ್ತಿ ಅಂಕ. ಅವನ ಜೊತೆ ಓಡ್ತಿದ್ದ ಎಂಟು ಜನರಲ್ಲಿ ಆರು ಜನ ಕೇರಿಯವರು, ಇಬ್ಬರು ಗೊಲ್ಲರಹಟ್ಟಿಯವರು. ಊರೊಳಗಿನ ಗೌಡರ ಹುಡುಗರು ಆ ಹೊತ್ತಿಗೆ ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದ್ತಿದ್ದರು. ತಪ್ಪಲ್ಲ, ಓದಲಿ. ಆದರೆ ಗಡಿಗೆ ಯಾರು ಹೋಗ್ತಾರೆ, ಗಡಿ ಬಗ್ಗೆ ಸ್ಟೇಟಸ್ ಯಾರು ಹಾಕ್ತಾರೆ ಅನ್ನೋದನ್ನ ನೋಡಿ ಅಂತಿದೀನಿ. ಇನ್ನೊಂದು ಮಾತು ನೆನಪಿರಲಿ. ಸೈನ್ಯದ ಭರ್ತಿಯಲ್ಲಿ ಎಸ್‌ಸಿ, ಎಸ್‌ಟಿ ಮೀಸಲಾತಿ ಇಲ್ಲ. ನಮ್ಮ ಹುಡುಗ ಯಾರ ಕೋಟಾನೂ ಹಿಡಿದು ಹೋಗಿಲ್ಲ, ಕಾಲು ಬಲದ ಮೇಲೆ ಹೋದ.

2025ರ ಮೇ ತಿಂಗಳಲ್ಲಿ ಅವನು ಜಮ್ಮು ಕಡೆ ಗಡಿರೇಖೆ ಹತ್ತಿರ ಇದ್ದ. ಏಪ್ರಿಲ್ 22ಕ್ಕೆ ಪಹಲ್ಗಾಮ್‌ನಲ್ಲಿ 26 ಜನರನ್ನ ಕೊಂದರು. ಮೇ 7ರ ನಸುಕಿನಲ್ಲಿ ನಮ್ಮವರು ಆಚೆ ದಾಳಿ ಮಾಡಿದರು. 10ನೇ ತಾರೀಖು ಸಂಜೆ ನಿಂತಿತು. ಪುಸ್ತಕದಲ್ಲಿ ಇದು ನಾಲ್ಕು ದಿನದ ಕಥೆ. ಅಕ್ಕನ ಮನೆಯಲ್ಲಿ ಆ ನಾಲ್ಕು ದಿನ ಎಷ್ಟು ಉದ್ದ ಇತ್ತು ಅಂತ ನಾನು ಕಣ್ಣಾರೆ ನೋಡಿದೀನಿ, ರಜೆ ಹಾಕಿ ಅಲ್ಲೇ ಇದ್ದೆ.

ಅವನ ಫೋನ್ ಸ್ವಿಚ್ ಆಫ್. ಸೊಸೆಗೆ ಏಳು ತಿಂಗಳು. ಅತ್ತೆ ಸೊಸೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲ್ಲ, ನೋಡಿದರೆ ಅಳು ಬರುತ್ತೆ ಅಂತ. ಟಿವಿಯಲ್ಲಿ ಸೈರನ್ ಸೌಂಡ್ ಹಾಕಿ ಕೂಗಾಟ. ಕರಾಚಿ ಬಂದರು ಉಡೀಸ್ ಅಂದರು. ಆಗದೇ ಇರೋದನ್ನೆಲ್ಲ ಆಗೋಯ್ತು ಅಂತ ರಾತ್ರಿಯೆಲ್ಲ ಹೇಳಿ, ಬೆಳಗಾದ ಮೇಲೆ ಏನೂ ಆಗದವರ ಥರ ಟೀ ಕುಡಿದು ಕೂತರು. ಅಕ್ಕನಿಗೆ ಓದೋಕೆ ಬರಲ್ಲ. ಪರದೆ ಮೇಲೆ ಕೆಂಪು ಅಕ್ಷರ ಓಡಿದಾಗಲೆಲ್ಲ "ಏನ್ ಬರೆದವ್ರೆ ತಮ್ಮಾ, ಅವನ ಹೆಸರು ಬಂತೇನೋ ನೋಡು" ಅನ್ನೋಳು. ಕೊನೆಗೆ ನಾನೇ ಕೇಬಲ್ ವೈರ್ ಕಿತ್ತು ಹಾಕಿದೆ.

ಊರವರು ಬಂದರು. ಬರಲಿಲ್ಲ ಅಂತ ಹೇಳಲ್ಲ. ಬಾಗಿಲ ಹತ್ತಿರ ನಿಂತು, "ಫೋನ್ ಬಂತಾ? ಇನ್ನೂ ಇಲ್ವಾ? ಅಲ್ಲಿ ಭಾರಿ ಜನ ಹೋದ್ರಂತೆ" ಅಂತ ಹೇಳಿ ಹೋದರು. ಇದು ಸಾಂತ್ವನ ಅಲ್ಲ ಸ್ವಾಮಿ, ಇದು ಗಾಯಕ್ಕೆ ಉಪ್ಪು. ಯೂತ್ಸ್ ಹುಡುಗರು ಬಸ್ ಸ್ಟಾಂಡಲ್ಲಿ ಫ್ಲೆಕ್ಸ್ ಕಟ್ಟಿದರು. "ನಮ್ಮೂರ ಹೆಮ್ಮೆಯ ಯೋಧ." ಅವನ ಫೋಟೋ ದೊಡ್ಡದು, ಕೆಳಗೆ ಲೀಡರುಗಳ ಫೋಟೋ ಹದಿನಾಲ್ಕು. ಆ ಫ್ಲೆಕ್ಸ್ ಇರೋ ಜಾಗದಿಂದ ಐವತ್ತು ಹೆಜ್ಜೆ ದೂರದಲ್ಲಿ ಊರಮ್ಮನ ಗುಡಿ. ಆ ಯೋಧನ ತಾಯಿ ಇವತ್ತಿಗೂ ಹಣ್ಣುಕಾಯಿ ಹೊರಗಡೆಯಿಂದಲೇ ಕೊಡಬೇಕು. ಮಗ ದೇಶಕ್ಕೆ ಹೆಮ್ಮೆ, ತಾಯಿ ಗುಡಿಗೆ ಮೈಲಿಗೆ. ಆ ಫ್ಲೆಕ್ಸ್ ಕಟ್ಟಿದವರಿಗೆ ಇದು ಗೊತ್ತಿಲ್ಲ ಅಂತಲ್ಲ. ಗೊತ್ತಿದ್ದೂ ಕಟ್ಟಿದಾರೆ.

ಮೇ 11ಕ್ಕೆ ಫೋನ್ ಬಂತು. "ಮಾಮ, ಚೆನ್ನಾಗಿದೀನಿ, ಅವ್ವನಿಗೆ ಕೊಡು" ಅಂದ. ಅಕ್ಕ ಫೋನ್ ತಗೊಂಡು, "ಊಟ ಮಾಡಿದ್ಯಾ" ಅಂದಳು. ಬೇರೆ ಏನೂ ಕೇಳಲಿಲ್ಲ.

ನಮ್ಮ ಹುಡುಗ ಉಳಿದ. ಎಲ್ಲರ ಮನೆಗೂ ಆ ಫೋನ್ ಬರಲಿಲ್ಲ. ನಮ್ಮ ಗಡಿಗೆ ಹೊಂದಿಕೊಂಡಿರೋ ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆಯ ಕಲ್ಲಿ ತಾಂಡಾದ ಮುರಳಿ ನಾಯಕ್ ಅದೇ ಮೇ 9ರಂದು ಗಡಿರೇಖೆಯಲ್ಲಿ ಶೆಲ್ ದಾಳಿಗೆ ಸತ್ತ. ಲಂಬಾಣಿ ತಾಂಡಾದ ಹುಡುಗ, ಮುಂಬೈನಲ್ಲಿ ಕೂಲಿ ಮಾಡಿ ಬದುಕಿದ ಅಪ್ಪ ಅಮ್ಮನಿಗೆ ಹುಟ್ಟಿದವನು. ಅವನು ಅಗ್ನಿವೀರ. ಅಗ್ನಿವೀರ ಅಂದರೆ ಏನು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕಚೇರಿ ಕೆಲಸದವನು ನಾನು, ಲೆಕ್ಕ ಹೇಳ್ತೀನಿ ಕೇಳಿ.

2022ರ ಜೂನ್‌ನಲ್ಲಿ ಬಂದ ಯೋಜನೆ. ಕೆಲಸ ನಾಲ್ಕೇ ವರ್ಷ. ಮೊದಲನೇ ವರ್ಷ ತಿಂಗಳಿಗೆ 30,000 ಅಂತಾರೆ, ಕೈಗೆ ಬರೋದು 21,000, ಉಳಿದದ್ದು ನಿಧಿಗೆ. ನಾಲ್ಕು ವರ್ಷ ಆದ ಮೇಲೆ ಸುಮಾರು 11.71 ಲಕ್ಷ ಕೊಟ್ಟು ಕಳಿಸ್ತಾರೆ. ನೂರಕ್ಕೆ ಹೆಚ್ಚೆಂದರೆ 25 ಜನ ಮಾತ್ರ ಉಳೀತಾರೆ. ಹೊರಗೆ ಬಂದವನಿಗೆ ಪಿಂಚಣಿ ಇಲ್ಲ, ಗ್ರಾಚುಯಿಟಿ ಇಲ್ಲ, ಮಾಜಿ ಸೈನಿಕ ಅನ್ನೋ ಹೆಸರೂ ಇಲ್ಲ, ಮಿಲಿಟರಿ ಕ್ಯಾಂಟೀನ್ ಇಲ್ಲ, ಮಾಜಿ ಸೈನಿಕರ ಆಸ್ಪತ್ರೆ ಸೌಲಭ್ಯ ಇಲ್ಲ. ಕರ್ತವ್ಯದಲ್ಲಿ ಸತ್ತರೆ 48 ಲಕ್ಷ ವಿಮೆ, 44 ಲಕ್ಷ ಪರಿಹಾರ, ಉಳಿದ ಅವಧಿಯ ಸಂಬಳ ಬರುತ್ತೆ. ದುಡ್ಡು ದೊಡ್ಡದಾಗಿ ಕಾಣುತ್ತೆ. ಆದರೆ ಅದೇ ಬಂಕರಿನಲ್ಲಿ ಅದೇ ಶೆಲ್ಲಿಗೆ ಪಕ್ಕದ ಖಾಯಂ ಸಿಪಾಯಿ ಸತ್ತರೆ ಅವನ ಹೆಂಡತಿಗೆ ಕೊನೆಯ ವೇತನದಷ್ಟೇ ಪಿಂಚಣಿ ಬರುತ್ತೆ. ಅಗ್ನಿವೀರನ ಮನೆಗೆ ಕುಟುಂಬ ಪಿಂಚಣಿ ಅನ್ನೋದೇ ಇಲ್ಲ. ಶೆಲ್ಲಿಗೆ ಇಬ್ಬರೂ ಒಂದೇ, ಸರ್ಕಾರಕ್ಕೆ ಮಾತ್ರ ಬೇರೆ ಬೇರೆ. ಮುರಳಿ ನಾಯಕ್ ತಾಯಿ ಈ ತಾರತಮ್ಯ ಪ್ರಶ್ನೆ ಮಾಡಿ ಬಾಂಬೆ ಹೈಕೋರ್ಟ್ ಮೆಟ್ಟಿಲು ಹತ್ತಿದರು. ತಾಂಡಾದ ಒಬ್ಬ ತಾಯಿ. ಅವರ ಬೆನ್ನಿಗೆ ನಿಂತು ನಾವು ಎಷ್ಟು ಸಭೆ ಮಾಡಿದೀವಿ, ಎಷ್ಟು ಮನವಿ ಕೊಟ್ಟಿದೀವಿ? ನೀವೇ ಹೇಳಿ.

ಸಿಆರ್‌ಪಿಎಫ್, ಬಿಎಸ್‌ಎಫ್ ಕಥೆ ಇನ್ನೊಂದು. 2019ರ ಫೆಬ್ರವರಿ 14ಕ್ಕೆ ಪುಲ್ವಾಮಾದಲ್ಲಿ 40 ಜನ ಸತ್ತರು. ಅದರಲ್ಲಿ ಮದ್ದೂರು ತಾಲ್ಲೂಕು ಗುಡಿಗೆರೆಯ ಎಚ್. ಗುರು ಇದ್ದರು. ಊರೂರಲ್ಲಿ ಮೇಣದಬತ್ತಿ ಹಚ್ಚಿದೆವು. ಆದರೆ 2004ರ ಜನವರಿ 1ರಿಂದ ಈಚೆಗೆ ಆ ಪಡೆಗಳಿಗೆ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ, ಸೈನ್ಯಕ್ಕೆ ಮಾತ್ರ ಇದೆ. ಕೊಡಬೇಕು ಅಂತ 2023ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಗಿ ತಡೆ ತಂತು. ಸತ್ತಾಗ ಹುತಾತ್ಮ, ಬದುಕಿದ್ದಾಗ ಖರ್ಚಿನ ಬಾಬ್ತು.

ಈಗ ನಮ್ಮ ಗೆಳೆಯರ ಎರಡನೇ ಪ್ರಶ್ನೆಗೆ ಬರ್ತೀನಿ. ಅಂಬೇಡ್ಕರ್‌ವಾದಿಗಳಿಗೆ ಏನು ಕೆಲಸ ಅಂದ್ರಲ್ಲ.

ಬಾಬಾಸಾಹೇಬರು ಹುಟ್ಟಿದ್ದೇ ಸೈನ್ಯದ ದಂಡಿನ ಊರಲ್ಲಿ, ಮ್ಹೌನಲ್ಲಿ. ಅವರ ತಂದೆ ಸುಬೇದಾರ್ ರಾಮ್‌ಜಿ ಸಕ್ಪಾಲ್. ಸೈನ್ಯದ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಊರಲ್ಲಿ ಶಾಲೆ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಮಹಾರರ ಮಕ್ಕಳಿಗೆ ಅಕ್ಷರ ಸಿಕ್ಕಿದ್ದು ಈ ದಂಡಿನ ಸಂಬಳದಿಂದ. ಆಮೇಲೆ ಬ್ರಿಟಿಷರು ಕೆಲವು ಜಾತಿ ಮಾತ್ರ ವೀರ ಜಾತಿ ಅಂತ ಹೇಳಿ, 1890ರ ದಶಕದಲ್ಲಿ ಮಹಾರರ ಭರ್ತಿ ನಿಲ್ಲಿಸಿದರು. ಗೋಪಾಲ್ ಬಾಬಾ ವಲಂಗಕರ್ ಅರ್ಜಿ ಬರೆದರು. ಅವರಾದ ಮೇಲೆ ಶಿವರಾಮ್ ಜಾನಬಾ ಕಾಂಬಳೆ 1904ರಲ್ಲಿ, 1910ರಲ್ಲಿ ಮತ್ತೆ ಮತ್ತೆ ಅರ್ಜಿ ಹಾಕಿದರು. ಏನು ಕೇಳಿದರು? ಸಂಬಳ ಕೇಳಿದರು. ಸಂಬಳದ ಜೊತೆ ಬರೋ ಬೂಟು, ಬಟ್ಟೆ, ಓದು, ಮರ್ಯಾದೆ ಕೇಳಿದರು. ಬಾಬಾಸಾಹೇಬರು ಇದೇ ಬೇಡಿಕೆ ಹಿಡಿದು ಒತ್ತಾಯ ಮಾಡಿದ ಕಾಲದಲ್ಲೇ 1941ರಲ್ಲಿ ಮಹಾರ್ ರೆಜಿಮೆಂಟ್ ಆಯ್ತು. 1943ರಲ್ಲಿ ಚಮಾರ್ ರೆಜಿಮೆಂಟ್ ಕಟ್ಟಿದರು, ಯುದ್ಧಕ್ಕೆ ಬಳಸಿಕೊಂಡರು, 1946ರಲ್ಲಿ ಮುಚ್ಚಿದರು. ಬೇಕಾದಾಗ ಕರೆಯೋದು, ಮುಗಿದ ಮೇಲೆ ಬಾಗಿಲು ಹಾಕೋದು. ಅಗ್ನಿವೀರ್ ಯೋಜನೆ ನೋಡಿದಾಗ ನನಗೆ ಇದೇ ನೆನಪಾಗೋದು.

ಪ್ರತಿ ಜನವರಿ 1ಕ್ಕೆ ನಾವು ಕೋರೆಗಾಂವ್ ನೆನೆಸ್ಕೊಂಡು ಸ್ಟೇಟಸ್ ಹಾಕ್ತೀವಿ. 1818ರಲ್ಲಿ ಸತ್ತ ಮಹಾರ್ ಸಿಪಾಯಿಗಳ ಸ್ತಂಭಕ್ಕೆ ಕೈ ಮುಗೀತೀವಿ. ಅವರೂ ಕಂಪನಿ ಸಂಬಳಕ್ಕೇ ಹೋದವರು. ಇನ್ನೂರು ವರ್ಷದ ಹಿಂದೆ ಸತ್ತವರಿಗೆ ಕೈ ಮುಗಿಯೋಕೆ ಆಗುತ್ತೆ, ಪಕ್ಕದ ಬೀದಿಯಲ್ಲಿ ಬದುಕಿರೋ ಸಿಪಾಯಿಯ ತಾಯಿಗೆ ಒಂದು ಅರ್ಜಿ ಬರೆದುಕೊಡೋಕೆ ಸಿದ್ಧಾಂತ ಅಡ್ಡ ಬರುತ್ತಾ?

ನಾನು ಯುದ್ಧದ ಪರ ಅಲ್ಲ. ನಾನು ಬುದ್ಧನ ದಾರಿ ಹಿಡಿದವನು. ಆದರೆ ಅಶೋಕನ ಹದಿಮೂರನೇ ಶಾಸನ ಓದಿ. ಕಳಿಂಗದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ಸೆರೆ ಹೋದರು ಅಂತ ಲೆಕ್ಕ ಹೇಳಿದ ಮೇಲೆ ಅವನು ಅಲ್ಲಿಗೇ ನಿಲ್ಲಲ್ಲ. ಯಾರ ಮೈಗೆ ಗಾಯ ಆಗಿಲ್ಲವೋ ಅವರಿಗೂ ಬಂಧು ಬಳಗ, ಸ್ನೇಹಿತರು ಕಷ್ಟಕ್ಕೆ ಸಿಕ್ಕಿದಾರೆ ಅನ್ನೋ ಕಾರಣಕ್ಕೇ ಅದು ನೋವು ಅನ್ನೋ ಅರ್ಥದ ಮಾತು ಅಲ್ಲಿದೆ. ಯುದ್ಧ ಬೇಡ ಅಂದ ರಾಜನೇ ಮನೆಯಲ್ಲಿ ಕಾಯೋರ ನೋವನ್ನ ಕಲ್ಲಲ್ಲಿ ಕೆತ್ತಿಸಿದಾನೆ. ಮಸ್ಕಿ, ಸನ್ನತಿ, ಬ್ರಹ್ಮಗಿರಿ ಅಂತ ಅಶೋಕನ ಶಾಸನ ನಮ್ಮ ನೆಲದಲ್ಲೂ ಇವೆ ಅಂತ ಭಾಷಣ ಮಾಡೋ ನಾವು ಅದನ್ನಾದರೂ ಕಲಿಯಬೇಡವಾ? ಯುದ್ಧ ಬೇಡ ಅನ್ನೋಕೆ ಮೊದಲ ಹಕ್ಕು ಇರೋದು ಆ ತಾಯಂದಿರಿಗೆ. ಅವರ ಪಕ್ಕ ನಿಂತು ಹೇಳಿದರೆ ಮಾತ್ರ ನಮ್ಮ ಮಾತಿಗೆ ತೂಕ.

ಇನ್ನು ದೇಶಭಕ್ತರಿಗೆ ಎರಡು ಮಾತು.

2016ರ ಜೂನ್‌ನಲ್ಲಿ ಪಾಂಪೋರ್‌ನಲ್ಲಿ ಸಿಆರ್‌ಪಿಎಫ್‌ನ ಎಂಟು ಜನ ಸತ್ತರಲ್ಲ, ಅದರಲ್ಲಿ ಒಬ್ಬರು ಉತ್ತರ ಪ್ರದೇಶದ ಫಿರೋಜಾಬಾದ್ ಜಿಲ್ಲೆಯ ವೀರ್ ಸಿಂಗ್. ನಟ ಅನ್ನೋ ಜಾತಿ. ಶವ ಊರಿಗೆ ಬಂದಾಗ ಸಾರ್ವಜನಿಕ ಜಾಗದಲ್ಲಿ ಸುಡೋಕೆ ಮೇಲ್ಜಾತಿಯವರು ತಕರಾರು ತೆಗೆದರು. ಅಧಿಕಾರಿಗಳು ಬಂದು ಗಂಟೆಗಟ್ಟಲೆ ಮಾತಾಡಿದ ಮೇಲೆ ಸಣ್ಣ ತುಂಡು ಜಾಗ ಸಿಕ್ಕಿತು. 2020ರ ಫೆಬ್ರವರಿಯಲ್ಲಿ ಗುಜರಾತಿನ ಬನಾಸ್‌ಕಾಂಠಾದಲ್ಲಿ ದಲಿತ ಸೈನಿಕನೊಬ್ಬ ತನ್ನ ಮದುವೆ ಮೆರವಣಿಗೆಯಲ್ಲಿ ಕುದುರೆ ಹತ್ತಿದ್ದಕ್ಕೆ ಕಲ್ಲು ತೂರಿದರು. 2023ರ ಮೇ 4ಕ್ಕೆ ಮಣಿಪುರದಲ್ಲಿ ಬೆತ್ತಲೆ ಮೆರವಣಿಗೆ ಮಾಡಿದ ಹೆಣ್ಣುಮಕ್ಕಳಲ್ಲಿ ಒಬ್ಬಾಕೆಯ ಗಂಡ ಕಾರ್ಗಿಲ್‌ನಲ್ಲಿ ಹೋರಾಡಿದ ಮಾಜಿ ಸೈನಿಕ. ದೇಶ ಕಾದೆ, ನನ್ನ ಹೆಂಡತಿಯನ್ನ ಕಾಯೋಕೆ ಆಗಲಿಲ್ಲ ಅಂತ ಆ ಮನುಷ್ಯ ಅತ್ತ.

ಆವಾಗ ನಿಮ್ಮ ಫ್ಲೆಕ್ಸ್ ಎಲ್ಲಿತ್ತು? ಸೈನಿಕನ ಬಗ್ಗೆ ಪ್ರೀತಿ ಅಲ್ಲ ನಿಮಗಿರೋದು. ಸೈನಿಕನ ಫೋಟೋ ಬೇಕು ನಿಮಗೆ. ಫೋಟೋಗೆ ಜಾತಿ ಇರಲ್ಲ, ಹಸಿವಿರಲ್ಲ, ಮನೇಲಿ ಬಸುರಿ ಹೆಂಡತಿ ಇರಲ್ಲ.

2016ರ ಫೆಬ್ರವರಿ 3ಕ್ಕೆ ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಜನ ಹೂತು ಹೋದರು. ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕರು. 11ನೇ ತಾರೀಖು ದೆಹಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಾಸನದ ತೇಜೂರಿನ ನಾಗೇಶ್, ಎಚ್.ಡಿ. ಕೋಟೆಯ ಮಹೇಶ್ ಕೂಡ ಅದೇ ಹತ್ತು ಜನರಲ್ಲಿದ್ದರು. ಹನುಮಂತಪ್ಪ ಸಿಕ್ಕ ಮೇಲೆ ದೇಶ ಎಲ್ಲಾ ಪ್ರಾರ್ಥನೆ ಮಾಡಿತು. ಆದರೆ ಸಿಯಾಚಿನ್‌ಗೆ ಮಗನನ್ನ ಕಳಿಸಿದ ಮನೆಗೆ ಆ ಆರು ದಿನದ ಹಿಂದೆಯೂ ಕಾಯೋದಿತ್ತು, ಈಗಲೂ ನೂರಾರು ಮನೆಗೆ ಇದೆ. ಅಲ್ಲಿ ಗುಂಡಿಗಿಂತ ಚಳಿಗೆ, ಹಿಮಕ್ಕೆ ಸತ್ತವರೇ ಜಾಸ್ತಿ. ಸುದ್ದಿ ಆಗದೇ ಇರೋ ದಿನಗಳಲ್ಲಿ ಆ ಮನೆಗೆ ಯಾರು ಹೋಗ್ತಾರೆ?

ಈಗ ಅಕ್ಕನ ಮನೆಯ ಉಳಿದ ಅರ್ಧ ಕಥೆ ಕೇಳಿ. ನಾನು ಈ ಪೋಸ್ಟ್ ಬರೀತಿರೋದೇ ಇದಕ್ಕೆ.

ಭಾವನ ಅಪ್ಪನ ಕಾಲದಲ್ಲಿ ಮಂಜೂರಾದ ಎರಡು ಎಕರೆ ಜಮೀನಿದೆ. ಆ ಮೇ ತಿಂಗಳು ಮುಗಿಯೋದರೊಳಗೆ ಪಕ್ಕದ ಜಮೀನಿನವನು ಬದು ಒಡೆದು ಒಳಗೆ ಉಳುಮೆ ಮಾಡಿದ. ಮಗ ಇಲ್ಲ, ಗಂಡ ಇಲ್ಲ, ಯಾರು ಕೇಳ್ತಾರೆ ಅನ್ನೋ ಧೈರ್ಯ. ಅಕ್ಕ ಹೋಗಿ ಕೇಳಿದ್ದಕ್ಕೆ, "ನಿನ್ನ ಮಗ ಪಾಕಿಸ್ತಾನ ಕಾಯಲಿ ಹೋಗಮ್ಮ" ಅಂದ. ಅಷ್ಟಕ್ಕೇ ಬಿಡಲಿಲ್ಲ. ತಾನೇ ಮೊದಲು ಹೋಗಿ ಸಿವಿಲ್ ಕೋರ್ಟಲ್ಲಿ ತಡೆಯಾಜ್ಞೆಗೆ ದಾವೆ ಹಾಕಿದ. ನಮ್ಮ ಹುಡುಗನೇ ಪ್ರತಿವಾದಿ. ಸಮನ್ಸ್ ಬಂತು. ಹಾಜರಾಗದಿದ್ದರೆ ಏಕಪಕ್ಷೀಯ ಆದೇಶ ಆಗುತ್ತೆ. ಹುಡುಗನಿಗೆ ರಜೆ ಇಲ್ಲ.

ತಾಲ್ಲೂಕು ಕಚೇರಿಗೆ ಹೋದೆ, ಮಗನೇ ಬಂದು ಸಹಿ ಹಾಕಬೇಕು ಅಂದರು. ಎಲ್ಲಿಂದ ಬರ್ತಾನೆ ಸ್ವಾಮಿ, ಗಡಿಯಿಂದ ಬಸ್ಸಿದೆಯಾ ಅಂದೆ. ರೂಲ್ಸು ಅಂದರು. ರಾತ್ರಿ ಕೂತು ಹುಡುಕಿದೆ. ಸಿಕ್ಕಿತು. 1925ರ ಭಾರತೀಯ ಸೈನಿಕರ ದಾವೆಗಳ ಕಾಯ್ದೆ. ಬ್ರಿಟಿಷರ ಕಾಲದ್ದು, ಇವತ್ತಿಗೂ ಜಾರಿಯಲ್ಲಿದೆ. ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿರೋ ಸೈನಿಕ ಕೋರ್ಟಿಗೆ ಬರೋಕೆ ಆಗಲ್ಲ ಅಂದರೆ ಜಿಲ್ಲಾಧಿಕಾರಿ ಆ ವಿಷಯವನ್ನ ಕೋರ್ಟಿಗೆ ಲಿಖಿತವಾಗಿ ತಿಳಿಸಬಹುದು. ಆಗ ಕೋರ್ಟು ಸೇನಾ ಅಧಿಕಾರಿಗಳಿಗೆ ನೋಟಿಸ್ ಕೊಟ್ಟು, ಕೆಲವು ಬಗೆಯ ದಾವೆ ಬಿಟ್ಟು, ವಿಚಾರಣೆ ತಡೆಹಿಡಿಯಬೇಕು. ನೂರು ವರ್ಷದ ಕಾನೂನು, ನಾನು ಹೋದ ಕಚೇರಿಯಲ್ಲಿ ಒಬ್ಬರೂ ಕೇಳಿರಲಿಲ್ಲ. ನಮ್ಮ ಪರ ನಿಂತ ಯುವ ವಕೀಲನಿಗೂ ಗೊತ್ತಿರಲಿಲ್ಲ. ಅರ್ಜಿ ನಾನೇ ಟೈಪ್ ಮಾಡಿದೆ. ಹುಡುಗನ ಯೂನಿಟ್ಟಿನಿಂದ ಪತ್ರ ತರಿಸಿದೆವು. ಮೂರು ಸಲ ಡಿಸಿ ಕಚೇರಿಗೆ ಅಲೆದೆವು. ವಿಚಾರಣೆ ಮುಂದಕ್ಕೆ ಹೋಯ್ತು. ಅವನು ರಜೆಗೆ ಬಂದಾಗ ಹಾಜರಾದ. ಕೇಸು ಇನ್ನೂ ನಡೀತಿದೆ, ಜಮೀನು ನಮ್ಮ ಕೈಯಲ್ಲೇ ಇದೆ.

ಯೋಚನೆ ಮಾಡಿ. ಅಕ್ಕನಿಗೆ ಬಿಎ ಓದಿದ ಗುಮಾಸ್ತ ತಮ್ಮ ಒಬ್ಬ ಇದ್ದ. ಇಲ್ಲದ ಅಕ್ಕಂದಿರು ಎಷ್ಟು ಜನ?

ಅದಕ್ಕೇ ಪಟ್ಟಿ ಮಾಡೋಣ ಅಂದಿದ್ದು. ಭಾಷಣಕ್ಕಲ್ಲ. ಮಾಡಬೇಕಾದ ಕೆಲಸ ಹೇಳ್ತೀನಿ, ನಿಮ್ಮ ತಾಲ್ಲೂಕಿನಲ್ಲಿ ಶುರು ಮಾಡಿ.

1. ಹೆಸರು ಸರಿ ಮಾಡಿಸಿ. ನಮ್ಮ ಜನರ ಹೆಸರನ್ನ ಶಾಲೆ ಮೇಷ್ಟ್ರು ಒಂದು ಥರ ಬರೆದಿರ್ತಾರೆ, ಆಧಾರ್‌ನಲ್ಲಿ ಇನ್ನೊಂದು, ಸೈನ್ಯದ ದಾಖಲೆಯಲ್ಲಿ ಮತ್ತೊಂದು. ಮುನಿಯಮ್ಮ ಅಂತ ಒಂದು ಕಡೆ, ಮುನಿಯಕ್ಕ ಅಂತ ಇನ್ನೊಂದು ಕಡೆ. ಬದುಕಿದ್ದಾಗ ನಗು ಬರುತ್ತೆ. ಆಗಬಾರದ್ದು ಆದಾಗ ಇದೇ ಒಂದಕ್ಷರಕ್ಕೆ ಪಿಂಚಣಿ ನಿಲ್ಲುತ್ತೆ. ಮದುವೆ ಆದ ಮೇಲೆ, ಮಗು ಹುಟ್ಟಿದ ಮೇಲೆ ಹುಡುಗ ತನ್ನ ಯೂನಿಟ್ಟಿಗೆ ಕಾಗದ ಕೊಟ್ಟು ಸರ್ವಿಸ್ ದಾಖಲೆಗೆ ಏರಿಸಿದಾನಾ ಅಂತ ಕೇಳಿ. ನಾಮಿನಿ ಯಾರು ಅಂತ ಮನೆಯವರಿಗೆ ಗೊತ್ತಿರಲಿ. ಇದನ್ನ ಕೇಳೋದು ಅಪಶಕುನ ಅಲ್ಲ.

2. ಪಹಣಿ ನೋಡಿ. ಜಮೀನು ಇನ್ನೂ ಸತ್ತ ತಾತನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿ. ಮಂಜೂರಾದ ಜಮೀನು ಪರಭಾರೆ ಆಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ತಡ ಆಯ್ತು ಅಂತ ವಾಪಸ್ ಕಳಿಸೋದಕ್ಕೆ ಬ್ರೇಕ್ ಹಾಕೋಕೆ 2023ರಲ್ಲಿ ಅದಕ್ಕೆ ತಿದ್ದುಪಡಿ ಆಗಿದೆ. ಜಾತಿ ಹೆಸರಿಡಿದು ಬೈದು ಜಮೀನು ಕಿತ್ತುಕೊಂಡರೆ ದೌರ್ಜನ್ಯ ತಡೆ ಕಾಯ್ದೆ ಇದೆ. ಮಗ ಬರಲಿ ಅಂತ ಕಾಯಬೇಡಿ.

3. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ನಿಮ್ಮ ಜಿಲ್ಲೆಗೆ ಎಲ್ಲಿದೆ ಅಂತ ತಿಳ್ಕೊಂಡು ಒಂದು ಸಲ ಆ ತಾಯಂದಿರನ್ನ ಕರ್ಕೊಂಡು ಹೋಗಿ. ನಮ್ಮ ಹೆಣ್ಣುಮಕ್ಕಳು ಅದು ಆಫೀಸರ್‌ಗಳ ಜಾಗ ಅಂದ್ಕೊಂಡಿರ್ತಾರೆ. 2025ರ ಜುಲೈ 26ಕ್ಕೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಸೈನಿಕ ಕುಟುಂಬಗಳಿಗೇ ಅಂತ ಉಚಿತ ಕಾನೂನು ನೆರವಿನ ಯೋಜನೆ ಶುರು ಮಾಡಿದೆ, ವೀರ ಪರಿವಾರ ಸಹಾಯತಾ ಯೋಜನೆ ಅಂತ. ಹೆಸರು ಹೇಳಿ ಕೇಳಿ. ಕಾನೂನು ನೆರವಿನ ನಂಬರ್ 15100.

4. ಗಡಿಯಲ್ಲಿ ಗಲಾಟೆ ಶುರುವಾದ ದಿನ ಆ ಮನೆಗೆ ಹೋಗಿ ಟಿವಿ ಆಫ್ ಮಾಡಿಸಿ. ಸುದ್ದಿ ಕೇಳಬೇಡಿ, ಸುದ್ದಿ ತರಲೂಬೇಡಿ. ಅಡುಗೆ ಮಾಡಿಸಿ, ದನಕ್ಕೆ ಹುಲ್ಲು ಹಾಕಿ, ಮಗೂನ ಸ್ಕೂಲಿಗೆ ಬಿಡಿ. ಬಸುರಿ ಇದ್ದರೆ ಆಸ್ಪತ್ರೆಗೆ ಹೋಗೋಕೆ ಗಾಡಿ ಯಾರದು ಅಂತ ಮೊದಲೇ ಗೊತ್ತು ಮಾಡಿ. ಹುಡುಗ ಎಲ್ಲಿದಾನೆ, ಯಾವ ಯೂನಿಟ್ ಅಂತ ಗ್ರೂಪಲ್ಲಿ ಹಾಕಬೇಡಿ, ಅದು ಅವನ ಜೀವಕ್ಕೇ ಅಪಾಯ. ನಿದ್ದೆ ಬರದೆ, ಊಟ ಬಿಟ್ಟು ಕೂತಿರೋ ತಾಯಿಗೆ, ಹೆಂಡತಿಗೆ ಮಾತಾಡೋಕೆ ಟೆಲಿ ಮಾನಸ್ ನಂಬರ್ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ. ಫೋನ್ ಒತ್ತಿ ಕೈಗೆ ಕೊಡಿ.

5. ಅಗ್ನಿವೀರರಿಗೆ ಕುಟುಂಬ ಪಿಂಚಣಿ, ಸಿಆರ್‌ಪಿಎಫ್, ಬಿಎಸ್‌ಎಫ್‌ನವರಿಗೆ ಹಳೇ ಪಿಂಚಣಿ, ಇವೆರಡನ್ನೂ ನಮ್ಮ ಬೇಡಿಕೆ ಪಟ್ಟಿಗೆ ಸೇರಿಸಿ. ಏಪ್ರಿಲ್ 14ಕ್ಕೆ ಕೊಡೋ ಮನವಿಯಲ್ಲಿ ಇರಲಿ. ಬಡ್ತಿ ಮೀಸಲಾತಿಗೆ ಬೀದಿಗಿಳಿಯೋ ನೌಕರರ ಸಂಘದವರಿಗೂ ಹೇಳ್ತಿದೀನಿ, ಇದೂ ನೌಕರರ ಪ್ರಶ್ನೆನೇ.

ಇಷ್ಟು ಮಾಡೋಕೆ ಯುದ್ಧವನ್ನ ಒಪ್ಪಬೇಕಾಗಿಲ್ಲ. ಯಾವ ಪಕ್ಷದ ಬಾವುಟಾನೂ ಹಿಡಿಯಬೇಕಾಗಿಲ್ಲ. ನಾವು ಹೋಗದ ಮನೆಗೆ ಬೇರೆಯವರು ಹೋಗ್ತಾರೆ, ಕೇಸರಿ ಶಲ್ಯ ಹೊದಿಸಿ ಸನ್ಮಾನ ಮಾಡಿ ಫೋಟೋ ತೆಗೆಸ್ಕೊಂಡು ಬರ್ತಾರೆ. ಆಮೇಲೆ ನಮ್ಮ ಹುಡುಗರು ಅತ್ತ ಹೋದರು ಅಂತ ಅಳೋದು ನಾವೇ. ಶಲ್ಯ ಹೊದಿಸೋನು ಬದು ಒತ್ತುವರಿ ಮಾಡಿದವನ ಪಕ್ಕದಲ್ಲೇ ಕೂತಿರ್ತಾನೆ ಅಂತ ಆ ತಾಯಿಗೂ ಗೊತ್ತು. ಆದರೆ ಅವತ್ತು ಅವಳ ಮನೆಗೆ ಬಂದೋನು ಅವನೊಬ್ಬನೇ.

ಕಾಮೆಂಟ್ ಹಾಕಿದ ಗೆಳೆಯನಿಗೆ: ನಿನ್ನ ಮೇಲೆ ಸಿಟ್ಟಿಲ್ಲ. ನೀನೂ ಹದಿನೆಂಟು ವರ್ಷದಿಂದ ಈ ಚಳವಳಿಯಲ್ಲಿ ಬೆವರು ಸುರಿಸಿದೀಯ. ಯುದ್ಧೋನ್ಮಾದ ಕಂಡರೆ ನಿನಗೆ ಬರೋ ಸಿಟ್ಟು ನನಗೂ ಬರುತ್ತೆ. ಆದರೆ ಆ ಸಿಟ್ಟು ಸ್ಟುಡಿಯೋದಲ್ಲಿ ಕೂತವನ ಮೇಲೆ ಹೋಗಲಿ, ಬಂಕರಲ್ಲಿ ಕೂತವನ ಮನೆ ಮೇಲೆ ಬೇಡ. ಬರೋ ಭಾನುವಾರ ಅಕ್ಕನ ಊರಿಗೆ ಹೋಗ್ತಿದೀನಿ. ಅಲ್ಲಿ ಕೇರಿಯಲ್ಲಿ ಇನ್ನೂ ಮೂರು ಮನೆ ಇವೆ, ಒಬ್ಬ ರಾಜಸ್ಥಾನದಲ್ಲಿ, ಇಬ್ಬರು ಕಾಶ್ಮೀರದಲ್ಲಿ. ಅವರ ಕಾಗದ ಪತ್ರ ನೋಡೋದಿದೆ. ನಿನ್ನ ಅಕ್ಷರ ನನ್ನದಕ್ಕಿಂತ ಚೆನ್ನಾಗಿದೆ. ಬಾ, ಅರ್ಜಿ ಬರೆಯೋಕೆ ಒಬ್ಬರು ಬೇಕು.

ಹುಡುಗನ ಮಗೂಗೆ ಈಗ ಹಲ್ಲು ಬಂದಿದೆ. ಹೆಣ್ಣು ಮಗು. ಮೊನ್ನೆ ವಿಡಿಯೋ ಕಾಲಲ್ಲಿ ಅವನು, "ಮಾಮ, ನನ್ನ ಮಗಳು ಓದಬೇಕು ಕಣೋ, ಅವಳು ಹೈವೇಲಿ ಓಡೋದು ಬೇಡ" ಅಂದ. ಅಕ್ಕ ಪಕ್ಕದಲ್ಲೇ ಇದ್ದಳು. "ಓಡಲಿ ಬಿಡೋ, ಅವಳಿಗೆ ಇಷ್ಟ ಇದ್ರೆ ಓಡಲಿ. ವಿಧಿ ಇಲ್ಲದೆ ಓಡಬಾರದು ಅಷ್ಟೇ" ಅಂದಳು. ನಾನು ಇಪ್ಪತ್ತು ವರ್ಷ ಭಾಷಣ ಮಾಡಿದೀನಿ, ಇಷ್ಟು ಸರಿಯಾಗಿ ಒಂದು ಸಲನೂ ಹೇಳಿಲ್ಲ.

ನಿಮ್ಮ ಊರಿನ ಪಟ್ಟಿ ಮಾಡಿದರೆ ನನಗೆ ಇನ್‌ಬಾಕ್ಸ್‌ಗೆ ತಿಳಿಸಿ. ಹುಡುಗರ ಹೆಸರು ಕಾಮೆಂಟಲ್ಲಿ ಹಾಕಬೇಡಿ. ಶೇರ್ ಮಾಡೋರು ಮಾಡಿ, ಆದರೆ ಶೇರ್ ಮಾಡಿ ಕೈ ತೊಳ್ಕೊಬೇಡಿ.

ಜೈ ಭೀಮ್.